ಮಾಡೆಲ್ ರೈಲು ಇಂಜಿನ್‌ಗೆ ಸೌಂಡ್ ಹಾಕೋದು: ಸ್ಪೀಕರ್ ಜಾಗದಿಂದ ಹಿಡಿದು ಸಿವಿ ಸೆಟ್ಟಿಂಗ್ ತನಕ

ಸೌಂಡ್ ಹಾಕ್ಬೇಕು ಅಂತ ಹೊರಟ ತಕ್ಷಣ ಎಲ್ಲರೂ ಕೇಳೋ ಪ್ರಶ್ನೆ ಒಂದೇ, ಯಾವ ಡಿಕೋಡರ್ (ಇಂಜಿನ್ ಒಳಗೆ ಕೂತು ಮೋಟರ್, ಲೈಟ್, ಸದ್ದು ಓಡಿಸೋ ಪುಟ್ಟ ಸರ್ಕ್ಯೂಟ್) ಒಳ್ಳೇದು ಅಂತ. ದುಡ್ಡೆಲ್ಲ ಡಿಕೋಡರ್‌ಗೇ ಸುರಿದು, ಆಮೇಲೆ ಸ್ಪೀಕರ್ ಅಂತ ಒಂದು ಇದೆಯಲ್ಲ ಅಂತ ನೆನಪಾಗಿ, ಎಲ್ಲಿ ಸಂದಿ ಸಿಕ್ತೋ ಅಲ್ಲಿ ತುರುಕಿ ಬಾಡಿ ಮುಚ್ಚಿಬಿಡ್ತಾರೆ. ಓಡಿಸಿ ನೋಡಿದ್ರೆ ಬೆಂಕಿಪೊಟ್ಟಣದೊಳಗೆ ಸಿಕ್ಕಾಕಿಕೊಂಡ ನೊಣದ ಥರ ಸದ್ದು. ಡಿಕೋಡರ್ ಬದಲಾಯಿಸಿದ್ರೂ ಅದೇ ಕತೆ, ಯಾಕಂದ್ರೆ ತಪ್ಪು ಅದರದ್ದಲ್ಲ. ಈಗ ಬರ್ತಿರೋ ಸೌಂಡ್ ಡಿಕೋಡರ್‌ಗಳಲ್ಲಿ ರೆಕಾರ್ಡಿಂಗ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ, ಅದನ್ನ ಹಾಳು ಮಾಡೋದು ಸ್ಪೀಕರ್ ಕೂತಿರೋ ರೀತಿ. ಹಾಗಾಗಿ ನಾನು ಹೇಳೋ ಕ್ರಮ ಉಲ್ಟಾ: ಮೊದಲು ಸ್ಪೀಕರ್‌ಗೆ ಜಾಗ, ಆಮೇಲೆ ಸ್ಪೀಕರ್ ಡಬ್ಬಿ, ಮಿಕ್ಕ ಜಾಗದಲ್ಲಿ ಡಿಕೋಡರ್.

ಇಲ್ಲಿ ಹೇಳಿರೋದೆಲ್ಲ ಡಿಸಿಸಿ, ಅಂದ್ರೆ ಹಳಿ ಮೂಲಕ ಒಂದೊಂದು ಇಂಜಿನ್‌ಗೂ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸೋ ಲೇಔಟ್‌ಗೆ, ಉದಾಹರಣೆಗಳು ಜಾಸ್ತಿ 1:87 ಎಚ್‌ಒ ಮತ್ತು 1:76 ಡಬಲ್ ಒ ಇಂಜಿನ್‌ಗಳದ್ದು. ಸಾದಾ ಡಿಸಿ ಕಂಟ್ರೋಲರ್ ಇಟ್ಕೊಂಡಿರೋರಿಗೂ ಎಷ್ಟೋ ಸೌಂಡ್ ಡಿಕೋಡರ್‌ಗಳು ಕೆಲಸ ಮಾಡ್ತವೆ ನಿಜ, ಆದ್ರೆ ಹಳಿಯಲ್ಲಿ ಒಂದಿಷ್ಟು ವೋಲ್ಟೇಜ್ ಬರೋ ತನಕ ಡಿಕೋಡರ್ ಎದ್ದೇಳಲ್ಲ, ಇಂಜಿನ್ ನಿಂತಿರುವಾಗ ಐಡಲ್ ಸದ್ದು ಕೇಳಿಸೋದು ಕಷ್ಟ, ಹಾರ್ನ್ ಬೇಕಾದಾಗ ಹೊಡೆಯೋಕೂ ಬಟನ್ ಇಲ್ಲ. ಸೌಂಡ್‌ನ ಮಜಾ ಅರ್ಧ ಅಲ್ಲೇ ಹೋಯ್ತು.

ಮೊದಲು ಇಂಜಿನ್ ಆರೋಗ್ಯ ನೋಡಿ

ಡಿಕೋಡರ್ ಇಲ್ಲದೆ, ಸಾದಾ ಡಿಸಿಯಲ್ಲಿ ಇಂಜಿನ್ ನಿಧಾನಕ್ಕೆ ನೀಟಾಗಿ ಓಡ್ತಿದೆಯಾ ನೋಡಿ. ಗೇರ್ ಕಟಕಟ ಅಂತಿದ್ರೆ, ಮೋಟರ್ ಕಿರುಚ್ತಿದ್ರೆ ಅದನ್ನ ಸೌಂಡ್ ಮುಚ್ಚಿಹಾಕುತ್ತೆ ಅಂದ್ಕೋಬೇಡಿ, ಎರಡೂ ಸೇರಿ ಇನ್ನೂ ಕೆಟ್ಟದಾಗಿ ಕೇಳಿಸುತ್ತೆ. ಚಕ್ರ ಮತ್ತು ಪಿಕಪ್ ಪಟ್ಟಿಗಳನ್ನ (ಚಕ್ರದಿಂದ ಕರೆಂಟ್ ತಗೊಳ್ಳೋ ಲೋಹದ ಪಟ್ಟಿಗಳು) ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಸೌಂಡ್ ಇಲ್ಲದ ಇಂಜಿನ್ ಕೊಳೆ ಇರೋ ಹಳಿ ಮೇಲೆ ಒಂದು ಕ್ಷಣ ಕರೆಂಟ್ ತಪ್ಪಿದ್ರೂ ಫ್ಲೈವೀಲ್ ಜೋರಲ್ಲಿ ದಾಟಿಬಿಡುತ್ತೆ, ಯಾರಿಗೂ ಗೊತ್ತಾಗಲ್ಲ, ಆದ್ರೆ ಸೌಂಡ್ ಇರೋ ಇಂಜಿನ್‌ನಲ್ಲಿ ಅದೇ ಒಂದು ಕ್ಷಣಕ್ಕೆ ಸದ್ದು ಕಟ್ ಆಗಿ ಮತ್ತೆ ಮೊದಲಿಂದ ಸ್ಟಾರ್ಟ್ ಆಗುತ್ತೆ, ಎಲ್ಲರಿಗೂ ಕೇಳಿಸುತ್ತೆ. ಆದಷ್ಟೂ ಜಾಸ್ತಿ ಚಕ್ರಗಳಿಂದ ಕರೆಂಟ್ ತಗೊಳ್ಳಿ, ಟೆಂಡರ್ (ಸ್ಟೀಮ್ ಇಂಜಿನ್ ಹಿಂದಿನ ಕಲ್ಲಿದ್ದಲು, ನೀರಿನ ಗಾಡಿ) ಇದ್ರೆ ಅದರ ಚಕ್ರಗಳಿಗೂ ಪಿಕಪ್ ಹಾಕಿ.

ಎರಡನೇದು ಸ್ಟಾಲ್ ಕರೆಂಟ್, ಅಂದ್ರೆ ಮೋಟರನ್ನ ತಿರುಗದ ಹಾಗೆ ಹಿಡಿದಾಗ ಅದು ಎಳೆಯೋ ಕರೆಂಟ್. ಮಲ್ಟಿಮೀಟರನ್ನ 10 ಆಂಪಿಯರ್ ರೇಂಜಿಗೆ ಹಾಕಿ ಸೀರೀಸಲ್ಲಿ ಜೋಡಿಸಿ, 12 ವೋಲ್ಟ್ ಕೊಟ್ಟು, ಫ್ಲೈವೀಲನ್ನ ಬೆರಳಲ್ಲಿ ಒಂದೇ ಕ್ಷಣ ಹಿಡಿದು ನಿಲ್ಲಿಸಿ ರೀಡಿಂಗ್ ನೋಡಿ ತಕ್ಷಣ ಬಿಡಿ. ಈ ನಂಬರ್ ಡಿಕೋಡರ್‌ನ ಮೋಟರ್ ರೇಟಿಂಗ್‌ಗಿಂತ ಕಮ್ಮಿ ಇರಬೇಕು. ಹೊಸ ಇಂಜಿನ್‌ಗಳಲ್ಲಿ ತೊಂದರೆ ಇರಲ್ಲ, ಹಳೇ ಓಪನ್ ಫ್ರೇಮ್ ಮೋಟರ್‌ಗಳಲ್ಲಿ ಇದೊಂದನ್ನ ನೋಡದೆ ಮುಂದೆ ಹೋಗ್ಬೇಡಿ.

ಮೂರನೇದು ಎಲ್ಲಕ್ಕಿಂತ ಮುಖ್ಯ, ಮೋಟರ್ ಐಸೊಲೇಷನ್. ಹಳೇ ಇಂಜಿನ್‌ಗಳಲ್ಲಿ ಮೋಟರ್‌ನ ಒಂದು ಬ್ರಶ್ ನೇರವಾಗಿ ಚಾಸಿಸ್‌ಗೆ ತಾಗಿರುತ್ತೆ, ಡಿಸಿಗೆ ಅದು ನಡೀತಿತ್ತು. ಡಿಸಿಸಿಯಲ್ಲಿ ಮೋಟರ್‌ನ ಎರಡು ತುದಿಗೂ ಡಿಕೋಡರ್‌ನ ಎರಡು ವೈರ್ ಬಿಟ್ಟು ಬೇರೇನೂ ಮುಟ್ಟಬಾರದು. ಮುಟ್ಟಿದ್ರೆ ಹಳಿಗಿಟ್ಟ ಕ್ಷಣವೇ ಡಿಕೋಡರ್ ಸುಟ್ಟು ಹೋಗಬಹುದು. ಮಲ್ಟಿಮೀಟರ್ ಕಂಟಿನ್ಯೂಯಿಟಿಗೆ ಹಾಕಿ ಮೋಟರ್‌ನ ಒಂದೊಂದು ತುದಿಯಿಂದ ಎಡ ಚಕ್ರ, ಬಲ ಚಕ್ರ, ಚಾಸಿಸ್ ಮೂರಕ್ಕೂ ಚೆಕ್ ಮಾಡಿ, ಒಂದು ಕಡೆಯೂ ಬೀಪ್ ಬರಬಾರದು. ಬಂದ್ರೆ ಆ ಬ್ರಶ್ ಹತ್ರ ಕ್ಯಾಪ್ಟನ್ (Kapton) ಅನ್ನೋ ಬಿಸಿ ತಡೆಯೋ ಇನ್ಸುಲೇಷನ್ ಟೇಪ್ ಇಲ್ಲಾ ಪ್ಲಾಸ್ಟಿಕ್ ವಾಷರ್ ಹಾಕಿ ಬೇರೆ ಮಾಡ್ಲೇಬೇಕು.

ಜಾಗ ಹುಡುಕೋದು

ಬಾಡಿ ಬಿಚ್ಚಿ ಮೇಜಿನ ಮೇಲಿಟ್ಟು ಆರಾಮಾಗಿ ನೋಡಿ, ಅವಸರ ಬೇಡ. ಡೀಸೆಲ್ ಇಂಜಿನ್ ಆದ್ರೆ ಮೂರು ಕಡೆ ಜಾಗ ಸಿಗುತ್ತೆ: ರೇಡಿಯೇಟರ್ ಫ್ಯಾನ್ ಜಾಲರಿ ಕೆಳಗೆ, ಫ್ಯುಯೆಲ್ ಟ್ಯಾಂಕ್ ಒಳಗೆ, ಇಲ್ಲಾಂದ್ರೆ ಬೋಗಿ (ಇಂಜಿನ್ ಕೆಳಗೆ ತಿರುಗೋ ಚಕ್ರಗಳ ಚೌಕಟ್ಟು) ಗೇರ್ ಟವರ್ ಮೇಲೆ. ನನ್ನ ಓಟು ಫ್ಯಾನ್ ಜಾಲರಿಗೆ. ಜಾಲರಿ ನಿಜವಾಗಲೂ ತೂತು ಇರೋ ಥರದ್ದಾಗಿದ್ರೆ ಸದ್ದು ನೇರ ಮೇಲಕ್ಕೆ ಬರುತ್ತೆ, ನಾವು ಲೇಔಟನ್ನ ನೋಡೋದು ಮೇಲಿಂದ ತಾನೇ. ಟ್ಯಾಂಕ್‌ನಲ್ಲಿ ಕೂರಿಸಿದ್ರೆ ಸದ್ದು ಕೆಳಗೆ ಹಳಿಗೆ ಬಡಿದು ಸುತ್ತ ಹರಡುತ್ತೆ, ಅದೂ ಕೆಟ್ಟದಾಗೇನೂ ಇರಲ್ಲ, ಆದ್ರೆ ಕೆಳಗೆ ಕಾರ್ಕ್ ಇದೆಯಾ ಫೋಮ್ ಇದೆಯಾ ಅನ್ನೋದರ ಮೇಲೆ ಸ್ವರ ಬದಲಾಗುತ್ತೆ.

ಸ್ಟೀಮ್ ಇಂಜಿನ್‌ನಲ್ಲಿ ಎಲ್ಲರೂ ಟೆಂಡರ್‌ಗೆ ಹೋಗ್ತಾರೆ, ಜಾಗ ಅಲ್ಲೇ ಜಾಸ್ತಿ. ಕಲ್ಲಿದ್ದಲ ರಾಶಿಯ ಪ್ಲಾಸ್ಟಿಕ್ ತುಂಡನ್ನ ತೆಗೆದು, ಸಣ್ಣ ಸಣ್ಣ ತೂತು ಕೊರೆದು, ಮೇಲೆ ಚದುರಿದ ಹಾಗೆ ನಿಜವಾದ ಕಲ್ಲಿದ್ದಲ ಚೂರು ಅಂಟಿಸಿದ್ರೆ ತೂತು ಕಾಣೋದೂ ಇಲ್ಲ, ಸದ್ದೂ ಹೊರಗೆ ಬರುತ್ತೆ. ಆದ್ರೆ ಚಫ್, ಅಂದ್ರೆ ಸ್ಟೀಮ್ ಇಂಜಿನ್‌ನ ಛುಕ್ ಛುಕ್ ಸದ್ದು, ಬರಬೇಕಾಗಿರೋದು ಚಿಮಣಿಯಿಂದ, ಟೆಂಡರ್‌ನಿಂದಲ್ಲ. ಎಚ್‌ಒಗಿಂತ ಚಿಕ್ಕದಾದ ಎನ್ ಸ್ಕೇಲಲ್ಲಿ ಈ ವ್ಯತ್ಯಾಸ ಕಿವಿಗೆ ಗೊತ್ತಾಗಲ್ಲ, ದೊಡ್ಡದಾದ ಒ ಸ್ಕೇಲಿನ ಉದ್ದ ಇಂಜಿನ್‌ನಲ್ಲಿ ಹತ್ತಿರದಿಂದ ಕೇಳಿದ್ರೆ ಚೆನ್ನಾಗೇ ಗೊತ್ತಾಗುತ್ತೆ. ಸ್ಮೋಕ್‌ಬಾಕ್ಸ್‌ನಲ್ಲಿ (ಬಾಯ್ಲರ್ ಮುಂದೆ ಚಿಮಣಿ ಕೆಳಗಿನ ಭಾಗ) ಒಂದು ಪುಟ್ಟ ಸ್ಪೀಕರ್ ಚಿಮಣಿ ಕಡೆ ಮುಖ ಮಾಡಿ ಕೂರಿಸೋಕಾದ್ರೆ ಅದರ ಮಜಾನೇ ಬೇರೆ.

ಜಾಗ ಸಾಲದೇ ಹೋದ್ರೆ ಒಳಗಿನ ಲೋಹದ ತೂಕದ ತುಂಡನ್ನ ಕಡಿಯೋದು ರೂಢಿ. ಕಡಿಯೋ ಮುಂಚೆ ಯೋಚನೆ ಮಾಡಿ, ತೂಕ ಕಮ್ಮಿಯಾದಷ್ಟೂ ಎಳೆಯೋ ಶಕ್ತಿ ಕಮ್ಮಿ, ಏರಿನಲ್ಲಿ ಚಕ್ರ ಜಾರುತ್ತೆ. ಚಾಸಿಸ್‌ನಿಂದ ಮೋಟರ್ ಮತ್ತು ಗೇರ್ ಪೂರ್ತಿ ಹೊರಗೆ ತೆಗೆದೇ ಗರಗಸ ಹಿಡಿಯಿರಿ, ಲೋಹದ ಪುಡಿ ಮೋಟರ್ ಒಳಗೆ ಹೋದ್ರೆ ಅದರ ಕತೆ ಮುಗೀತು. ಪುಡಿ ಪೂರ್ತಿ ತೊಳೆದು ಒಣಗಿಸೋ ತನಕ ಸ್ಪೀಕರನ್ನ ಆ ಮೇಜಿನ ಹತ್ರಕ್ಕೂ ತರಬೇಡಿ, ಅದರಲ್ಲಿರೋ ಮ್ಯಾಗ್ನೆಟ್ ಕಬ್ಬಿಣದ ಪುಡಿಯನ್ನೆಲ್ಲ ಎಳ್ಕೊಂಡು ಡಯಾಫ್ರಮ್ ಸಂದಿಗೆ ತುಂಬಿಸ್ಕೊಳ್ಳುತ್ತೆ, ಆಮೇಲೆ ಬರೋ ಕರಕರ ಸದ್ದು ಯಾವ ಸೆಟ್ಟಿಂಗಿಗೂ ಹೋಗಲ್ಲ.

ಜಾಗ ಅಳೆಯೋಕೆ ಸ್ಕೇಲ್ ಹಿಡಿಯೋದಕ್ಕಿಂತ ರಟ್ಟಿನಲ್ಲಿ ಸ್ಪೀಕರ್ ಡಬ್ಬಿ ಅಳತೆಯ ಒಂದು ತುಂಡು ಮಾಡಿ ಒಳಗಿಟ್ಟು, ಬಾಡಿ ಹಾಕಿ ಮುಚ್ಚಿ, ಬೋಗಿ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಬಾಡಿ ಒಂಚೂರು ಎದ್ದು ನಿಂತರೂ ತಕ್ಷಣ ಕಾಣುತ್ತೆ.

ಸ್ಪೀಕರ್ ಯಾವುದು

ಹಳೇ ಕಾಲದಲ್ಲಿ 20, 23, 28 ಮಿಮೀ ಗುಂಡು ಸ್ಪೀಕರ್, 16×35 ಓವಲ್, 20×40 ಆಯತ, ಇಷ್ಟೇ ಇದ್ದಿದ್ದು. ಆಮೇಲೆ ಮೊಬೈಲ್ ಫೋನಿಗೆ ಅಂತ ಮಾಡಿದ ಪುಟ್ಟ ಸ್ಪೀಕರ್‌ಗಳು ಈ ಹವ್ಯಾಸಕ್ಕೆ ಬಂದು ಆಟಾನೇ ಬದಲಾಯಿಸಿಬಿಟ್ವು. ಶುಗರ್ ಕ್ಯೂಬ್ ಅಂತ ಕರೆಯೋದು ಇದನ್ನೇ, 8×12 ಇಲ್ಲಾ 11×15 ಮಿಮೀ ಅಳತೆ, ಗಾತ್ರಕ್ಕೆ ಹೋಲಿಸಿದ್ರೆ ಸದ್ದು ನಂಬೋಕಾಗಲ್ಲ. ಮೊದಲ ಸಲ ಮಾಡೋರಿಗೆ 11×15 ಶುಗರ್ ಕ್ಯೂಬ್ ಹೇಳ್ತೀನಿ, ಎಚ್‌ಒ ಇಂಜಿನ್‌ಗಳಲ್ಲಿ ಬಹುತೇಕ ಎಲ್ಲದಕ್ಕೂ ಹಿಡಿಸುತ್ತೆ. ಜಾಗ ಧಾರಾಳ ಇದ್ರೆ ದೊಡ್ಡ ಸ್ಪೀಕರ್ ಹಾಕಿ, ದೊಡ್ಡ ಕೋನ್ ಹೆಚ್ಚು ಗಾಳಿ ತಳ್ಳುತ್ತೆ, ತಗ್ಗಿನ ಸ್ವರ ಚೆನ್ನಾಗಿ ಬರುತ್ತೆ. ಆದ್ರೆ ಡಬ್ಬಿಯೇ ಇಲ್ಲದ ದೊಡ್ಡ ಸ್ಪೀಕರ್‌ಗಿಂತ ಸರಿಯಾಗಿ ಸೀಲ್ ಆಗಿರೋ ಡಬ್ಬಿಯ ಚಿಕ್ಕ ಸ್ಪೀಕರ್ ಯಾವಾಗಲೂ ಮೇಲು.

ಈಗ ಓಮ್ ಲೆಕ್ಕ. ಡಿಕೋಡರ್ ಮ್ಯಾನ್ಯುಯಲ್‌ನಲ್ಲಿ ಎಷ್ಟು ಓಮ್ ಸ್ಪೀಕರ್ ಹಾಕಬಹುದು ಅಂತ ಬರೆದಿರುತ್ತೆ, ಅದಕ್ಕಿಂತ ಕಮ್ಮಿ ಓಮ್ ಯಾವತ್ತೂ ಹಾಕ್ಬೇಡಿ, ಆಂಪ್ಲಿಫೈಯರ್ ಬಿಸಿಯಾಗಿ ಸುಡುತ್ತೆ. ಜಾಸ್ತಿ ಓಮ್ ಹಾಕಿದ್ರೆ ಸದ್ದು ಸ್ವಲ್ಪ ಕಮ್ಮಿ ಅಷ್ಟೇ, ಅಪಾಯ ಇಲ್ಲ. ಇಎಸ್‌ಯು ಕಂಪನಿಯ ಲೋಕ್‌ಸೌಂಡ್ 5 ಡಿಕೋಡರ್ 4 ರಿಂದ 32 ಓಮ್ ತನಕ ತಡೆಯುತ್ತೆ, ಅದೇ ಕಂಪನಿಯ ಹಳೇ ಲೋಕ್‌ಸೌಂಡ್ 3.5ಕ್ಕೆ 100 ಓಮ್ ಸ್ಪೀಕರ್ರೇ ಬೇಕು. ಹಳೇ ಇಂಜಿನ್‌ನ ಸ್ಪೀಕರ್ ಮಾತ್ರ ಬದಲಾಯಿಸೋಣ ಅಂತ ಹೊರಟು 8 ಓಮ್ ಶುಗರ್ ಕ್ಯೂಬ್ ಹಾಕಿದ್ರೆ ಡಿಕೋಡರ್‌ಗೆ ಅಲ್ಲಿಗೆ ಮಂಗಳ.

ಎರಡು ಸ್ಪೀಕರ್ ಹಾಕೋದಾದ್ರೆ ಎರಡು 8 ಓಮ್ ಪ್ಯಾರಲಲ್‌ನಲ್ಲಿ 4 ಓಮ್, ಸೀರೀಸ್‌ನಲ್ಲಿ 16 ಓಮ್. ಎರಡು 4 ಓಮ್ ಸೀರೀಸ್‌ನಲ್ಲಿ 8 ಓಮ್. ಡಿಕೋಡರ್ 4 ಓಮ್ ತಡೆಯುತ್ತೆ ಅಂತ ಖಾತ್ರಿ ಇದ್ರೆ ಮಾತ್ರ ಪ್ಯಾರಲಲ್. ಒಂದೇ ಸ್ಪೀಕರ್ ಆದ್ರೆ ಯಾವ ವೈರ್ ಯಾವ ಕಡೆ ಅನ್ನೋದು ಲೆಕ್ಕಕ್ಕಿಲ್ಲ, ಎರಡಾದ್ರೆ ಲೆಕ್ಕಕ್ಕಿದೆ. ಒಂದು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆದ್ರೆ ಎರಡೂ ಸೇರಿ ಒಂದಕ್ಕಿಂತ ಕಮ್ಮಿ ಸದ್ದು. ಒಂದು 1.5 ವೋಲ್ಟ್ ಸೆಲ್ ತಗೊಂಡು ಸ್ಪೀಕರ್ ಎರಡೂ ಪ್ಯಾಡಿಗೆ ಒಂದೇ ಕ್ಷಣ ಮುಟ್ಟಿಸಿ, ಕೋನ್ ಹೊರಗೆ ಜಿಗಿದ್ರೆ ಸೆಲ್‌ನ ಪ್ಲಸ್ ಮುಟ್ಟಿದ ಪ್ಯಾಡಿಗೆ ಮಾರ್ಕರ್‌ನಲ್ಲಿ ಚುಕ್ಕಿ ಇಡಿ. ಎರಡು ಸ್ಪೀಕರ್‌ಗೂ ಹೀಗೆ ಗುರುತು ಮಾಡಿ, ಪ್ಯಾರಲಲ್ ಆದ್ರೆ ಚುಕ್ಕಿಗೆ ಚುಕ್ಕಿ, ಸೀರೀಸ್ ಆದ್ರೆ ಒಂದರ ಚುಕ್ಕಿ ಇಲ್ಲದ ಕಡೆಯಿಂದ ಇನ್ನೊಂದರ ಚುಕ್ಕಿಗೆ.

ಡಬ್ಬಿ, ಅಸಲಿ ಕೆಲಸ ಇರೋದು ಇಲ್ಲೇ

ಸ್ಪೀಕರ್ ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಅಷ್ಟೇ ಗಾಳಿ ಎಳೆಯುತ್ತೆ. ಹಿಂದಿನ ಅಲೆ ಮುಂದಿನದಕ್ಕೆ ಪೂರ್ತಿ ಉಲ್ಟಾ. ಎರಡೂ ಸೇರಿದ್ರೆ ಒಂದನ್ನೊಂದು ತಿಂದುಹಾಕುತ್ತವೆ. 200 ಹರ್ಟ್ಜ್ ಸ್ವರದ ಅಲೆ ಉದ್ದ ಸುಮಾರು 1.7 ಮೀಟರ್, ನಮ್ಮ ಸ್ಪೀಕರ್ 15 ಮಿಮೀ, ಅಂದ್ರೆ ಹಿಂದಿನ ಅಲೆ ಸುತ್ತಿಕೊಂಡು ಮುಂದೆ ಬರೋಕೆ ಏನೂ ಹೊತ್ತು ಬೇಕಾಗಲ್ಲ, ತಗ್ಗಿನ ಸ್ವರಗಳೆಲ್ಲ ಹೆಚ್ಚುಕಮ್ಮಿ ಪೂರ್ತಿ ಕ್ಯಾನ್ಸಲ್, ಉಳಿಯೋದು ಬರೀ ಕೀಚಲು. ಡಬ್ಬಿ ಇಲ್ಲದ ಸ್ಪೀಕರನ್ನ ಕೈಯಲ್ಲಿ ಹಿಡಿದು ಕೇಳಿ, ಆಮೇಲೆ ಅದೇ ಸ್ಪೀಕರನ್ನ ಯಾವುದಾದ್ರೂ ಪುಟ್ಟ ಮುಚ್ಚಳದ ಮೇಲೆ ಒತ್ತಿ ಹಿಡಿದು ಕೇಳಿ, ಇದಕ್ಕಿಂತ ಬೇರೆ ಪ್ರೂಫ್ ಬೇಕಾಗಲ್ಲ.

ಶುಗರ್ ಕ್ಯೂಬ್ ಜೊತೆ ಎಷ್ಟೋ ಸಲ ಡಬ್ಬಿ ಬಂದೇ ಬರುತ್ತೆ, ಕೆಲವಕ್ಕೆ ಒಂದರ ಮೇಲೊಂದು ಜೋಡಿಸೋ ಪ್ಲಾಸ್ಟಿಕ್ ಫ್ರೇಮ್‌ಗಳು, ಎಷ್ಟು ಎತ್ತರ ಬೇಕೋ ಅಷ್ಟು ಜೋಡಿಸ್ಕೋಬಹುದು. ತ್ರೀಡಿ ಪ್ರಿಂಟರ್ ಇರೋರು ಪ್ರಿಂಟ್ ಮಾಡ್ತಾರೆ. ನಾನಂತೂ 1 ಮಿಮೀ ಸ್ಟೈರೀನ್ ಪ್ಲಾಸ್ಟಿಕ್ ಶೀಟಲ್ಲೇ ಕತ್ತರಿಸಿ ಮಾಡೋದು ಮೇಲು ಅಂತೀನಿ, ಯಾಕಂದ್ರೆ ಇಂಜಿನ್ ಒಳಗಿನ ಜಾಗ ಯಾವತ್ತೂ ಚೌಕವಾಗಿರಲ್ಲ, ಒಂದು ಮೂಲೆ ಮೋಟರ್‌ಗೆ ತಾಗುತ್ತೆ ಇನ್ನೊಂದು ಕಡೆ ಸ್ಕ್ರೂ ಕಂಬ ಅಡ್ಡ ಬರುತ್ತೆ, ಆ ಅಂಕುಡೊಂಕಿಗೆ ಸರಿಯಾಗಿ ಡಬ್ಬಿ ಕಟ್ಟಿದ್ರೆ ಒಳಗಿನ ಒಂದೊಂದು ಮಿಲಿಮೀಟರೂ ಬಳಕೆಗೆ ಬರುತ್ತೆ. ಈ ಅಳತೆಯಲ್ಲಿ ಡಬ್ಬಿಯ ಆಕಾರ ಹೇಗಿದ್ರೂ ನಡೆಯುತ್ತೆ, ಒಳಗಿರೋ ಗಾಳಿ ಎಷ್ಟು ಅನ್ನೋದೇ ಲೆಕ್ಕ. ಗಾಳಿ ಜಾಸ್ತಿ ಇದ್ದಷ್ಟೂ ಸ್ವರ ತಗ್ಗಿಗೆ ಇಳಿಯುತ್ತೆ.

ಸ್ಟೈರೀನ್ ಸಿಮೆಂಟ್ ಹಾಕಿ ಅಂಟಿಸಿದ ಮೇಲೆ ಒಳಗಿನ ಮೂಲೆಗಳಿಗೆಲ್ಲ ಇನ್ನೊಂದು ಸುತ್ತು ಎಳೆಯಿರಿ. ವೈರ್ ಹೊರಗೆ ಬರೋ ತೂತನ್ನ ಗ್ಲೂ ಹಾಕಿ ಮುಚ್ಚಿ, ಎಲ್ಲರೂ ಮರೆಯೋ ಜಾಗ ಇದು. ಸ್ಪೀಕರನ್ನ ಡಬ್ಬಿ ಬಾಯಿಗೆ ಕೂರಿಸೋಕೆ ಸೂಪರ್ ಗ್ಲೂ ಬೇಡ, ಅದು ಹರಿದು ಕೋನ್ ಅಂಚಿಗೆ ಹೋದ್ರೆ ಕೋನ್ ಕಚ್ಚಿಕೊಂಡು ಅಲ್ಲಾಡೋದೇ ನಿಲ್ಲುತ್ತೆ, ಗಟ್ಟಿಯಾದ ಪಿವಿಎ ಥರದ ಕ್ಯಾನಪಿ ಗ್ಲೂ ಇಲ್ಲಾ ತೆಳ್ಳಗೆ ಸಿಲಿಕೋನ್ ಸಾಕು. ಗ್ಲೂ ಒಣಗೋ ಮುಂಚೆ ಕೇಳಿ ನೋಡ್ಬೇಕು ಅನ್ನೋರು ಬ್ಲೂ ಟ್ಯಾಕ್ ಥರದ ಮೆತ್ತನೆ ಪುಟ್ಟಿ ಸುತ್ತ ಒತ್ತಿ ಟ್ರಯಲ್ ಮಾಡಬಹುದು.

ಸೀಲ್ ಆಗಿದೆಯಾ ಅಂತ ನೋಡೋ ದಾರಿ: ಹಾರ್ನ್ ಒತ್ತಿ ಹಿಡಿದು, ಡಬ್ಬಿಯ ಪ್ರತಿ ಸಂದಿ ಮೇಲೂ ಬೆರಳು ಒತ್ತುತ್ತಾ ಹೋಗಿ. ಎಲ್ಲಾದ್ರೂ ಒತ್ತಿದಾಗ ಸ್ವರ ತುಂಬಿಕೊಂಡ ಹಾಗೆ ಬದಲಾದ್ರೆ ಅಲ್ಲೇ ಲೀಕ್. ಕೋನನ್ನ ಮಾತ್ರ ಬೆರಳಲ್ಲಿ ಒತ್ತಿ ನೋಡ್ಬೇಡಿ, ಶುಗರ್ ಕ್ಯೂಬ್ ಕೋನ್ ಬರೀ ತೆಳು ಪೊರೆ.

ಸ್ಪೀಕರ್ ಮುಖಕ್ಕೂ ಬಾಡಿಗೂ ನಡುವೆ ಒಂದೆರಡು ಮಿಮೀ ಸಂದಿ ಬಿಡಿ, ಕೋನ್ ಅಲ್ಲಾಡೋಕೆ ಜಾಗ ಬೇಕಲ್ಲ. ಬಾಡಿಯಲ್ಲಿ ಸದ್ದು ಹೊರಗೆ ಹೋಗೋಕೆ ದಾರಿ ಇದೆಯಾ ನೋಡಿ, ಅಚ್ಚಿನ ಜಾಲರಿ ಬರೀ ಗೆರೆ ಆಗಿದ್ರೆ ಅದನ್ನ ಕತ್ತರಿಸಿ ಎಚಿಂಗ್ ಮಾಡಿದ (ಆಸಿಡ್‌ನಲ್ಲಿ ಕೊರೆದ) ಲೋಹದ ಜಾಲರಿ ಹಾಕಬಹುದು. ಡಬ್ಬಿಯನ್ನ ಬಾಡಿಗೆ ಗಟ್ಟಿ ಗ್ಲೂ ಹಾಕಿ ಅಂಟಿಸಿದ್ರೆ ಬಾಡಿ ಪೂರ್ತಿ ಜೊತೆಗೆ ನಡುಗಿ ಕಿಟಕಿ ಗ್ಲಾಸ್, ಹ್ಯಾಂಡ್‌ರೈಲ್ ಎಲ್ಲ ಗಲಗಲ ಅನ್ನುತ್ತೆ, ಫೋಮ್ ಇರೋ ಡಬಲ್ ಸೈಡ್ ಟೇಪ್ ಹಾಕಿ ಕೂರಿಸಿ.

ಡಿಕೋಡರ್

ಇಂಜಿನ್ ಒಳಗೆ ಯಾವ ಸಾಕೆಟ್ ಇದೆ ಅನ್ನೋದು ಮೊದಲ ಪ್ರಶ್ನೆ. 21ಎಂಟಿಸಿ, ಪ್ಲಕ್ಸ್22, ನೆಕ್ಸ್ಟ್18 ಇದ್ರೆ ಸ್ಪೀಕರ್ ಕನೆಕ್ಷನ್‌ಗೂ ಸಾಕೆಟ್‌ನಲ್ಲೇ ಪಿನ್ ಇರುತ್ತೆ, ಸ್ಪೀಕರ್ ವೈರನ್ನ ಇಂಜಿನ್ ಬೋರ್ಡಿನ ಪ್ಯಾಡಿಗೆ ಬೆಸೆದ್ರೆ ಸಾಕು. ಹಳೇ 8 ಪಿನ್ ಮತ್ತು 6 ಪಿನ್ ಸಾಕೆಟ್‌ನಲ್ಲಿ ಸ್ಪೀಕರ್‌ಗೆ ಪಿನ್ ಇಲ್ಲ, ಡಿಕೋಡರ್‌ನಿಂದ ಬೇರೆ ಎರಡು ವೈರ್ ನೇರ ಸ್ಪೀಕರ್‌ಗೆ ಹೋಗುತ್ತೆ. 8 ಪಿನ್ ಪ್ಲಗ್ ಉಲ್ಟಾ ಹಾಕಿದ್ರೆ ಸಾಮಾನ್ಯವಾಗಿ ಏನೂ ಸುಡಲ್ಲ, ಇಂಜಿನ್ ಹಿಂದೆ ಮುಂದೆ ಅದಲುಬದಲಾಗಿ ಓಡುತ್ತೆ, ಲೈಟ್ ಉರಿಯಲ್ಲ, ತಿರುಗಿಸಿ ಹಾಕಿದ್ರೆ ಸರಿಹೋಗುತ್ತೆ. 21 ಪಿನ್‌ದು ಹಾಗಲ್ಲ, ಪಿನ್ ಇಲ್ಲದ ಮೂಲೆ ಯಾವುದು ಅಂತ ನೋಡ್ಕೊಂಡೇ ಒತ್ತಿ.

ಲೋಕ್‌ಸೌಂಡ್, ಜಿಮೋ, ಸೌಂಡ್‌ಟ್ರ್ಯಾಕ್ಸ್‌ನ ಸುನಾಮಿ2, ಟಿಸಿಎಸ್ ಯಾವುದೇ ಆಗಲಿ, ಕಂಪನಿಗಿಂತ ನಿಮ್ಮ ಇಂಜಿನ್‌ನ ಸರಿಯಾದ ಸೌಂಡ್ ಫೈಲ್ ಯಾರ ಹತ್ರ ಇದೆ ಅನ್ನೋದು ನೋಡಿ. ಡೀಸೆಲ್ ಅಂದ್ರೆ ಎಲ್ಲಾ ಒಂದೇ ಅಲ್ಲ. ಅಮೆರಿಕದ ಇಂಜಿನ್ ಕಂಪನಿ ಇಎಂಡಿಯ 567, 645, 710 ಮೂರೂ ಟೂ ಸ್ಟ್ರೋಕ್, ಈ ನಂಬರ್ ಒಂದು ಸಿಲಿಂಡರ್‌ನ ಘನ ಇಂಚಿನ ಅಳತೆ. ಇನ್ನೊಂದು ಕಂಪನಿ ಆಲ್ಕೋದ 251 ಫೋರ್ ಸ್ಟ್ರೋಕ್, ಅದರ ಐಡಲ್ ಕೇಳಿದ ಕಿವಿಗೆ ಇಎಂಡಿ ಸದ್ದು ಹಾಕಿ ಮೋಸ ಮಾಡೋಕಾಗಲ್ಲ. ಕೆಲವು ಡಿಕೋಡರ್‌ಗಳಲ್ಲಿ ಒಂದೇ ಚಿಪ್‌ನಲ್ಲಿ ಹತ್ತಾರು ಇಂಜಿನ್ ಸದ್ದು ಇದ್ದು ಸಿವಿ (ಡಿಕೋಡರ್ ಒಳಗಿನ, ನಂಬರ್ ಇರೋ ಒಂದೊಂದು ಸೆಟ್ಟಿಂಗ್) ಮೂಲಕ ಆರಿಸ್ಕೋಬಹುದು, ಲೋಕ್‌ಸೌಂಡ್ 5 ಥರದವಕ್ಕೆ ಕಂಪನಿಯದ್ದೇ ಪ್ರೋಗ್ರಾಮರ್ ಇದ್ರೆ ಪೂರ್ತಿ ಹೊಸ ಫೈಲ್ ಹಾಕಬಹುದು.

ವೈರಿಂಗ್

ಸಾಕೆಟ್ ಇಲ್ಲದ ಇಂಜಿನ್ ಆದ್ರೆ ಎನ್‌ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಸಂಘ) ಗೊತ್ತುಮಾಡಿದ ವೈರ್ ಬಣ್ಣಗಳನ್ನ ಬಾಯಿಪಾಠ ಮಾಡ್ಕೊಳ್ಳಿ. ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ. ಕಿತ್ತಳೆ ಮತ್ತು ಬೂದು ಮೋಟರ್‌ಗೆ. ಬಿಳಿ ಮುಂದಿನ ಲೈಟ್, ಹಳದಿ ಹಿಂದಿನ ಲೈಟ್, ನೀಲಿ ಎಲ್ಲಾ ಲೈಟ್‌ಗಳಿಗೂ ಕಾಮನ್ ಪ್ಲಸ್. ಸ್ಪೀಕರ್ ವೈರ್ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಇಎಸ್‌ಯುದಲ್ಲಿ ಕಂದು, ಸೌಂಡ್‌ಟ್ರ್ಯಾಕ್ಸ್‌ನಲ್ಲಿ ನೇರಳೆ, ಆದ್ರೆ ಬೇರೆ ಡಿಕೋಡರ್‌ಗಳಲ್ಲಿ ನೇರಳೆ ಇನ್ನೊಂದು ಫಂಕ್ಷನ್ ವೈರ್ ಆಗಿರಬಹುದು, ಮ್ಯಾನ್ಯುಯಲ್ ನೋಡದೆ ಬಣ್ಣ ನಂಬಬೇಡಿ. ಎಲ್‌ಇಡಿ ಹಾಕೋದಾದ್ರೆ ಒಂದೊಂದಕ್ಕೂ 1 ಕಿಲೋ ಓಮ್ ರೆಸಿಸ್ಟರ್ ಇರ್ಲಿ.

ಬೆಸುಗೆ ಕಡ್ಡಿಯ ತುದಿ ಸಣ್ಣದಿರ್ಲಿ, 350 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ, ತೆಳ್ಳಗಿನ ರೋಸಿನ್ ಕೋರ್ ಸೋಲ್ಡರ್. ಆಸಿಡ್ ಫ್ಲಕ್ಸ್ ಎಲೆಕ್ಟ್ರಾನಿಕ್ಸ್ ಹತ್ರ ಸುಳಿಯಲೇಬಾರದು. ವೈರ್ ತುದಿಗೆ ಮೊದಲೇ ಸೋಲ್ಡರ್ ಹಿಡಿಸಿ, ಪ್ಯಾಡಿಗೂ ಒಂದು ಹನಿ ಹಿಡಿಸಿ, ಎರಡನ್ನೂ ಸೇರಿಸಿ ಒಂದೆರಡು ಸೆಕೆಂಡು ಮುಟ್ಟಿಸಿ ತೆಗೆಯಿರಿ. ಶುಗರ್ ಕ್ಯೂಬ್ ಪ್ಯಾಡ್ ಪ್ಲಾಸ್ಟಿಕ್ ಮೇಲಿರುತ್ತೆ, ಜಾಸ್ತಿ ಹೊತ್ತು ಒತ್ತಿದ್ರೆ ಕರಗಿ ಪ್ಯಾಡೇ ಕಿತ್ತು ಬರುತ್ತೆ. ಇನ್ನೊಂದು ವಿಷಯ ಯಾರೂ ಹೇಳಲ್ಲ, ಸ್ಪೀಕರ್ ಮ್ಯಾಗ್ನೆಟ್ ಬೆಸುಗೆ ಕಡ್ಡಿ ತುದಿಯನ್ನೇ ಎಳೆಯುತ್ತೆ, ಅಂದುಕೊಂಡ ಜಾಗಕ್ಕೆ ಹೋಗದೆ ಪಕ್ಕಕ್ಕೆ ಜಿಗಿದು ಕೋನನ್ನ ಸುಡಬಹುದು, ಸ್ಪೀಕರನ್ನ ಟೇಪ್ ಹಾಕಿ ಮೇಜಿಗೆ ಅಂಟಿಸಿ, ಕೋನ್ ಮೇಲೆ ರಟ್ಟಿನ ತುಂಡು ಮುಚ್ಚಿ ಕೆಲಸ ಮಾಡಿ.

ಸ್ಪೀಕರ್‌ನ ಎರಡು ವೈರ್‌ನಲ್ಲಿ ಯಾವುದೂ ಗ್ರೌಂಡ್ ಅಲ್ಲ, ಎರಡನ್ನೂ ಆಂಪ್ಲಿಫೈಯರ್ ಓಡಿಸುತ್ತೆ. ಒಂದು ವೈರನ್ನ ಚಾಸಿಸ್‌ಗೆ ಹಾಕಿ ಉಳಿಸೋಣ ಅಂದ್ಕೊಂಡ್ರೆ ಆಂಪ್ಲಿಫೈಯರ್ ಹೋಯ್ತು ಅಂತಲೇ ಲೆಕ್ಕ. ಪ್ರತಿ ಜೋಡಣೆಗೂ ಹೀಟ್ ಶ್ರಿಂಕ್ ಹಾಕಿ. ಡಿಕೋಡರ್ ಬರೀ ಬೋರ್ಡ್ ಆಗಿದ್ರೆ ಲೋಹಕ್ಕೆ ತಾಗೋ ಜಾಗದಲ್ಲಿ ಮಾತ್ರ ಕ್ಯಾಪ್ಟನ್ ಟೇಪ್ ಅಂಟಿಸಿ, ಪೂರ್ತಿ ಸುತ್ತಿ ಕಂಬಳಿ ಹೊದಿಸಬೇಡಿ, ಬಿಸಿ ಹೊರಗೆ ಹೋಗ್ಬೇಕು.

ಕರೆಂಟ್ ತಪ್ಪಿದ ಕ್ಷಣ ಡಿಕೋಡರನ್ನ ಓಡಿಸೋ ಕೀಪ್ ಅಲೈವ್ ಕೆಪಾಸಿಟರ್ ಹಾಕೋಕೆ ಜಾಗ ಇದ್ರೆ ಖಂಡಿತ ಹಾಕಿ, ಕೊಳೆ ಹಳಿ, ಪ್ಲಾಸ್ಟಿಕ್ ಫ್ರಾಗ್ (ಕವಲು ಹಳಿಯಲ್ಲಿ ಹಳಿಗಳು ಅಡ್ಡ ಹಾಯೋ ತುಂಡು) ಮೇಲೆ ಸದ್ದು ಕಟ್ ಆಗೋದು ನಿಲ್ಲುತ್ತೆ. ಡಿಕೋಡರ್ ಕಂಪನಿ ಹೇಳಿದ ರೆಡಿಮೇಡ್ ಮಾಡ್ಯೂಲ್ ಹಾಕೋದು ಸೇಫ್. ಸ್ವಂತ ಮಾಡೋದಾದ್ರೆ 25 ವೋಲ್ಟ್ ಕೆಪಾಸಿಟರ್, ಚಾರ್ಜ್ ಆಗುವಾಗ ಕರೆಂಟ್ ನುಗ್ಗದ ಹಾಗೆ 100 ಓಮ್ ರೆಸಿಸ್ಟರ್, ಅದರ ಮೇಲೆ ಅಡ್ಡಲಾಗಿ ವಾಪಸ್ ಕರೆಂಟ್ ಸಲೀಸಾಗಿ ಬರೋ ದಿಕ್ಕಿಗೆ ಒಂದು 1ಎನ್4001 ಡಯೋಡ್. ಪ್ಲಸ್ ನೀಲಿ ವೈರಿಗೆ, ಮೈನಸ್ ಡಿಕೋಡರ್‌ನ ಗ್ರೌಂಡ್ ಪ್ಯಾಡಿಗೆ. ಹಳಿಯ ಕಪ್ಪು ವೈರ್ ಗ್ರೌಂಡ್ ಅಲ್ಲ, ಅಲ್ಲಿಗೆ ಹಾಕಿದ್ರೆ ಕೆಪಾಸಿಟರ್ ಸಿಡಿಯಬಹುದು.

ಮುಚ್ಚೋ ಮುಂಚೆ ಟೆಸ್ಟ್

ಬಾಡಿ ಹಾಕದೆಯೇ ಮೊದಲು ಪ್ರೋಗ್ರಾಮಿಂಗ್ ಟ್ರ್ಯಾಕ್ (ಡಿಕೋಡರ್ ಸೆಟ್ಟಿಂಗ್ ಓದೋಕೆ, ಬರೆಯೋಕೆ ಅಂತ ಇರೋ ಬೇರೆ ಹಳಿ ತುಂಡು) ಮೇಲಿಡಿ, ಮೇನ್ ಹಳಿಗಲ್ಲ. ಪ್ರೋಗ್ರಾಮಿಂಗ್ ಟ್ರ್ಯಾಕ್‌ನಲ್ಲಿ ಕರೆಂಟ್ ತುಂಬಾ ಕಮ್ಮಿ, ಎಲ್ಲೋ ಶಾರ್ಟ್ ಇದ್ರೂ ಡಿಕೋಡರ್ ಉಳಿಯೋ ಚಾನ್ಸ್ ಇರುತ್ತೆ. ಅಡ್ರೆಸ್ ಅಂದ್ರೆ ಸಿವಿ 1 ಓದಿಸಿ, 3 ಅಂತ ಬಂದ್ರೆ ಸರಿ. ಸೌಂಡ್ ಡಿಕೋಡರ್‌ಗಳು, ಅದರಲ್ಲೂ ಕೀಪ್ ಅಲೈವ್ ಇರೋವು, ಕೆಲವು ಸಿಸ್ಟಮ್‌ಗಳಲ್ಲಿ ಓದೋಕೆ ಬಿಡಲ್ಲ, ಎರರ್ ಬಂತು ಅಂತ ತಕ್ಷಣ ಬಿಚ್ಚೋಕೆ ಹೋಗ್ಬೇಡಿ, ಕೀಪ್ ಅಲೈವ್ ಬಿಡಿಸಿ ಇನ್ನೊಮ್ಮೆ ಓದಿಸಿ, ಮಲ್ಟಿಮೀಟರ್‌ನಲ್ಲಿ ಶಾರ್ಟ್ ಇಲ್ಲ ಅಂತ ಖಾತ್ರಿ ಆದ್ಮೇಲೆ ಮೇನ್ ಮೇಲಿಟ್ಟು ಅಡ್ರೆಸ್ 3ರಲ್ಲಿ ಓಡಿಸಿ ನೋಡಿ.

ಸಿವಿ ಕೆಲಸ

ಮೊದಲು ವಾಲ್ಯೂಮ್ ಇಳಿಸಿ. ಲೋಕ್‌ಸೌಂಡ್ 5ರಲ್ಲಿ ಸಿವಿ 63, 0 ರಿಂದ 192 ತನಕ. ಸುನಾಮಿ2ರಲ್ಲಿ ಸಿವಿ 128, ಜಿಮೋದಲ್ಲಿ ಸಿವಿ 266. ಫ್ಯಾಕ್ಟರಿ ಸೆಟ್ಟಿಂಗ್ ನನ್ನ ಕಿವಿಗೆ ಯಾವಾಗಲೂ ಜಾಸ್ತಿನೇ. 1:87ರಲ್ಲಿ ಒಂದು ಮೀಟರ್ ದೂರ ಅಂದ್ರೆ ನಿಜ ಇಂಜಿನ್‌ನಿಂದ 87 ಮೀಟರ್ ದೂರ ನಿಂತ ಹಾಗೆ, ಅಷ್ಟು ದೂರಕ್ಕೆ ಐಡಲ್ ಎಷ್ಟು ಕೇಳಿಸುತ್ತೋ ಅಷ್ಟು ಸಾಕು. ಅರ್ಧಕ್ಕೆ ಇಳಿಸಿ ಅಲ್ಲಿಂದ ಶುರು ಮಾಡಿ. ಈ ಮಾಸ್ಟರ್ ವಾಲ್ಯೂಮ್ ಸರಿಹೋದ್ಮೇಲೆ ಒಂದೊಂದು ಸದ್ದನ್ನ ಬೇರೆ ಬೇರೆ ಹೊಂದಿಸಿ: ಹಾರ್ನ್ ಎಲ್ಲಕ್ಕಿಂತ ಜೋರು, ಇಂಜಿನ್ ಅದಕ್ಕಿಂತ ಕೆಳಗೆ, ಬೆಲ್ ಇನ್ನೂ ಕೆಳಗೆ, ಕಂಪ್ರೆಸರ್, ಬ್ರೇಕ್ ಕಿರಿಕ್, ಏರ್ ಬಿಡೋ ಸುಸ್ ಎಲ್ಲ ಹತ್ತಿರ ಬಂದ್ರೆ ಮಾತ್ರ ಕೇಳೋ ಹಾಗೆ.

ಸದ್ದು ಒಡೆದ ಹಾಗಿದ್ರೆ ಬೇಸ್ ಏರಿಸೋಣ ಅನ್ನಿಸುತ್ತೆ, ಮಾಡ್ಬೇಕಾಗಿರೋದು ಉಲ್ಟಾ. ಇಷ್ಟು ಪುಟ್ಟ ಸ್ಪೀಕರ್ 200 ಹರ್ಟ್ಜ್ ಕೆಳಗೆ ಹೇಳಿಕೊಳ್ಳೋ ಅಂಥದ್ದೇನೂ ಕೊಡಲ್ಲ, ಆ ಸ್ವರ ಕಳಿಸಿದಷ್ಟೂ ಕೋನ್ ಸುಮ್ಮನೆ ಒದ್ದಾಡಿ ಮೇಲಿನ ಸ್ವರಾನೂ ಕೆಡಿಸುತ್ತೆ. ಸುನಾಮಿ2ರಲ್ಲಿ ಏಳು ಬ್ಯಾಂಡ್ ಈಕ್ವಲೈಸರ್ ಇದೆ, ಅದರಲ್ಲಿ ಕೆಳಗಿನ ಬ್ಯಾಂಡ್ ಇಳಿಸಿ ನೋಡಿ, ಸದ್ದು ಕ್ಲೀನ್ ಆಗಿ ಇನ್ನೂ ತುಂಬಿಕೊಂಡ ಹಾಗೆ ಕೇಳಿಸುತ್ತೆ. ಮೇಲಿನ ಹಾರ್ಮೋನಿಕ್ ಸ್ವರಗಳು ಸರಿಯಾಗಿ ಬಂದ್ರೆ ಇಲ್ಲದ ತಗ್ಗಿನ ಸ್ವರವನ್ನ ನಮ್ಮ ಕಿವಿ ತಾನೇ ತುಂಬಿಸ್ಕೊಳ್ಳುತ್ತೆ.

ಮೋಟರ್ ಟ್ಯೂನ್ ಆಗದೆ ಸೌಂಡ್ ಸರಿ ಬರಲ್ಲ, ಯಾಕಂದ್ರೆ ಡಿಕೋಡರ್ ಮೋಟರ್‌ನ ಲೋಡ್ ನೋಡ್ಕೊಂಡು ಸದ್ದು ಬದಲಾಯಿಸೋದು. ಲೋಕ್‌ಸೌಂಡ್ 5ರಲ್ಲಿ ಸಿವಿ 54ಕ್ಕೆ 0 ಹಾಕಿ ಕಂಟ್ರೋಲರ್‌ನ ಎಫ್1 ಬಟನ್ ಒತ್ತಿದ್ರೆ ಇಂಜಿನ್ ಒಂದು ಸಲ ಫುಲ್ ಸ್ಪೀಡಲ್ಲಿ ಚಿಮ್ಮಿ ತಾನೇ ಅಳತೆ ತಗೊಳ್ಳುತ್ತೆ, ಮುಂದೆ ಉದ್ದ ನೇರ ಹಳಿ ಇರ್ಲಿ, ತುದಿಯಲ್ಲಿ ಕೈ ಅಡ್ಡ ಇರ್ಲಿ. ಆಮೇಲೆ ಸಿವಿ 3 ಮತ್ತು ಸಿವಿ 4, ಅಂದ್ರೆ ವೇಗ ಏರೋದು ಇಳಿಯೋದು ನಿಧಾನ ಮಾಡಿ. ಡೀಸೆಲ್ ಮೊದಲು ಗುಡುಗಿ ಆಮೇಲೆ ಕದಲಬೇಕು, ಈ ಎರಡು ನಂಬರ್ ಸಣ್ಣದಿದ್ರೆ ಸದ್ದು ಏರೋ ಮುಂಚೆ ಇಂಜಿನ್ ಸ್ಟೇಷನ್ ದಾಟಿರುತ್ತೆ.

ಸ್ಟೀಮ್‌ಗೆ ಚಫ್ ಲೆಕ್ಕ. ಎರಡು ಸಿಲಿಂಡರ್ ಇಂಜಿನ್‌ನಲ್ಲಿ ದೊಡ್ಡ ಚಕ್ರ ಒಂದು ಸುತ್ತಿಗೆ 4 ಚಫ್, 120 ಡಿಗ್ರಿ ಕ್ರ್ಯಾಂಕ್ ಇರೋ ಮೂರು ಸಿಲಿಂಡರ್‌ದಾದ್ರೆ 6. ಚಕ್ರಕ್ಕೆ ಒಂದು ಚುಕ್ಕಿ ಇಟ್ಟು, ಒಂದನೇ ಸ್ಪೀಡ್ ಸ್ಟೆಪ್‌ನಲ್ಲಿ ಬಿಟ್ಟು, ಚುಕ್ಕಿ ಒಂದು ಸುತ್ತು ಬರೋದ್ರೊಳಗೆ ಎಷ್ಟು ಚಫ್ ಅಂತ ಎಣಿಸಿ. ಲೋಕ್‌ಸೌಂಡ್‌ನಲ್ಲಿ ಸಿವಿ 57 ಮತ್ತು 58, ಜಿಮೋದಲ್ಲಿ 267 ಬದಲಾಯಿಸ್ತಾ ಹೋದ್ರೆ ಕೂಡುತ್ತೆ. ಜೋರು ಓಟದಲ್ಲಿ ಒಂಚೂರು ಆಚೀಚೆ ಆದ್ರೆ ಯಾರಿಗೂ ಗೊತ್ತಾಗಲ್ಲ, ನಿಧಾನದಲ್ಲಿ ಸರಿ ಇರ್ಲಿ.

ಏನಾದ್ರೂ ಕೈಕೊಟ್ರೆ

ಸದ್ದೇ ಇಲ್ಲ ಆದ್ರೆ ಓಡ್ತಿದೆ ಅಂದ್ರೆ ಮೊದಲು ಎಫ್1 ಇಲ್ಲಾ ಎಫ್8 ಒತ್ತಿ ನೋಡಿ, ಎಷ್ಟೋ ಡಿಕೋಡರ್‌ಗಳು ಮ್ಯೂಟ್ ಆಗೇ ಶುರುವಾಗ್ತವೆ. ಆಮೇಲೆ ಡಿಕೋಡರ್ ಪವರ್ ತೆಗೆದು ಸ್ಪೀಕರ್ ಪ್ಯಾಡಲ್ಲಿ ಓಮ್ ಅಳೆಯಿರಿ, 8 ಓಮ್ ಸ್ಪೀಕರ್ ಮೀಟರ್‌ನಲ್ಲಿ ಸುಮಾರು 7 ತೋರಿಸುತ್ತೆ, ಏನೂ ತೋರಿಸದಿದ್ರೆ ಬೆಸುಗೆ ಬಿಟ್ಟಿದೆ. ಬಾಡಿ ಇಲ್ಲದಾಗ ಚೆನ್ನಾಗಿದ್ದು ಬಾಡಿ ಹಾಕಿದ್ಮೇಲೆ ಕರಕರ ಅಂದ್ರೆ ಯಾವುದೋ ವೈರ್ ಕೋನ್‌ಗೆ ತಾಗ್ತಿದೆ ಇಲ್ಲಾ ಡಬ್ಬಿ ಬಾಡಿಗೆ ಒತ್ತಿದೆ. ಸ್ವಲ್ಪ ಹೊತ್ತು ಓಡಿ ತಾನೇ ನಿಂತು, ಆರಿದ್ಮೇಲೆ ಮತ್ತೆ ಓಡಿದ್ರೆ ಡಿಕೋಡರ್ ಬಿಸಿಯಾಗ್ತಿದೆ. ಸಿವಿಗಳು ಪೂರ್ತಿ ಗೋಜಲಾದ್ರೆ ಸಿವಿ 8ಕ್ಕೆ 8 ಬರೆದ್ರೆ ಬಹಳಷ್ಟು ಕಂಪನಿಗಳ ಡಿಕೋಡರ್ ಫ್ಯಾಕ್ಟರಿ ಸೆಟ್ಟಿಂಗಿಗೆ ವಾಪಸ್ ಬರುತ್ತೆ, ಅಡ್ರೆಸ್ಸೂ 3ಕ್ಕೆ ಹೋಗಿರುತ್ತೆ ಅನ್ನೋದು ನೆನಪಿರ್ಲಿ. ಅದಕ್ಕೇ ಎಲ್ಲಾ ಹೊಂದಿಸಿ ಮುಗಿದ ದಿನವೇ ಕಂಪ್ಯೂಟರ್‌ನಲ್ಲಿ ಜೆಎಂಆರ್‌ಐನ ಡಿಕೋಡರ್‌ಪ್ರೋ ಸಾಫ್ಟ್‌ವೇರ್‌ನಲ್ಲಿ ಸಿವಿಗಳನ್ನೆಲ್ಲ ಓದಿಸಿ ಸೇವ್ ಮಾಡಿಡಿ, ಫೈಲ್ ಹೆಸರಲ್ಲಿ ಇಂಜಿನ್ ನಂಬರ್ ಹಾಕಿ, ಸ್ಪೀಕರ್ ಎಷ್ಟು ಓಮ್ ಅಂತಾನೂ ಅಲ್ಲೇ ಬರೆದಿಡಿ.